ಮಾರಾಟಕ್ಕಿದ್ದ ಮನೆಯ ಮಲ್ಲಿಗೆ

ನಾನು ಟೀಚರಾಗಿ ಕೂಡ್ಲಿಗಿಗೆ ಹೋದಾಗ ಪಕ್ಕದ ಮನೆಯಲ್ಲಿದ್ದ ಅಕ್ಕ ಹಡಗಲಿಯವರು. ಏನು ಕೇಳಿದರೂ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ನನಗೇನ್ ಗೊತ್ರಿ, ಅವರನ್ನ ಕೇಳ್ರಿ" ಎನ್ನುತ್ತಿದ್ದರು. ಅವರೆಂದರೆ ಕಂಟ್ರಾಕ್ಟರಾಗಿದ್ದ ಗಂಡ. ಅರ್ಧ ತಿಂಗಳು ಬೆಂಗಳೂರಿನಲ್ಲೇ ಇರುತ್ತಿದ್ದರು. ಲಾಡ್ಜಿನಲ್ಲಿದ್ದೇನೆಂದು ಎಸ್‌ಟಿಡಿ ಬೂತಿನಿಂದ ಫೋನ್ ಮಾಡುತ್ತಿದ್ದರು.

ಗಂಡ ತೀರಿಕೊಂಡ ಮೇಲೆಯೇ ಬೆಂಗಳೂರಿನ ಶ್ರೀಮಂತರ ಬಡಾವಣೆಯಲ್ಲಿ ಅವರದೊಂದು ಎರಡಂತಸ್ತಿನ ಡ್ಯೂಪ್ಲೆಕ್ಸ್ ಅಪಾರ್ಟ್‌ಮೆಂಟ್ ಇರುವುದು ತಿಳಿದದ್ದು. ಕೆಳಗೆ ಸ್ವಂತ ತೋಟ ಬೇರೆ. ಮಾರುವುದೆಂದಾಯಿತು. ಕೊಳ್ಳುವವರಿಗೆ ತೋರಿಸಲು ಹೊರಟ ಅಕ್ಕ ನನ್ನನ್ನೂ ಕರೆದುಕೊಂಡು ಹೋದರು.

ತೋಟದ ತುಂಬ ಮಲ್ಲಿಗೆ. ಅಕ್ಕ ಮೊಗ್ಗೊಂದನ್ನು ಕಿತ್ತು ಮೂಸಿ ಅಲ್ಲೇ ನಿಂತುಬಿಟ್ಟರು.

"ಇದು ನಮ್ಮೂರ ಮಲ್ಲಿಗಿ, ಟೀಚರ್. ಇಷ್ಟು ದೂರ ತಂದು ಯಾರಿಗಂತ ಹಚ್ಚ್ಯಾರ? ನನಗ ಒಂದಿನಾನೂ ಹೇಳ್ಲಿಲ್ಲಲ್ರಿ."

ಹೆಂಡತಿಯ ನೆನಪಿಗೆ ನೆಟ್ಟರೋ, ಇನ್ನಾರದೋ ತುರುಬಿಗೆಂದು ನೆಟ್ಟರೋ, ನನಗೂ ತಿಳಿಯಲಿಲ್ಲ. ವಾಚ್‌ಮನ್‌ಗೆ ಗೊತ್ತಿರಬಹುದೆಂದು ಗೇಟಿನತ್ತ ಹೊರಟೆ. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

"ಬ್ಯಾಡ್ರಿ. ಅವ ಏನರ ಹೇಳಿಬಿಟ್ರ ನಾ ಏನ್ ಮಾಡ್ಲಿ?"

ಅಷ್ಟರಲ್ಲಿ ಮನೆ ನೋಡಲು ಗಂಡ ಹೆಂಡತಿ ಬಂದರು. ಆಕೆ ನೇರವಾಗಿ ಗಿಡಗಳ ಹತ್ತಿರ ಹೋಗಿ, "ಅಬ್ಬಾ, ಎಷ್ಟು ಚೆನ್ನಾಗಿವೆ! ಯಾರು ನೆಟ್ಟಿದ್ದು?" ಎಂದರು.

ಅಕ್ಕ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಗೇಟಿನ ಕಡೆ ನೋಡಿದರು.

"ನಮ್ಮನಿಯವ್ರು. ನನಗಂತನ ಹಚ್ಚಿದ್ರು."

ಮನೆ ಅವರಿಗೇ ಹೋಯಿತು. ಊರಿಗೆ ಮರಳುವ ಬಸ್ಸು ಚಿತ್ರದುರ್ಗ ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ನಾ ಹೇಳಿದ್ದು ಖರೇನ ಇದ್ದೀತೇನ್ರಿ?"