ಒಂದೇ ಜೊತೆ ಕಣ್ಣು

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ಚನ್ನವೀರಯ್ಯನ ಕೈಗೆ ಸಿಕ್ಕ ಸತ್ತವರ್‍ಯಾರೂ ಕಪ್ಪಗೆ ಉಳಿದಿಲ್ಲ. ‘ಬರ್ರಿ, ಕುಂದರ್ರಿ, ನಿಮ್ಮಪ್ಪನ್ನ ರಾಜನಂಗ ಮಾಡಿ ಕೊಡ್ತೀನಿ’ ಎಂದು ಕಂಪ್ಯೂಟರಿನ ಮುಂದೆ ಕೂತನೆಂದರೆ ಮುದುಕನಿಗೆ ರುಮಾಲು, ಮೇಷ್ಟ್ರಿಗೆ ಕನ್ನಡಕ, ಮುದುಕಿಗೆ ತಲೆತುಂಬ ಸೆರಗು. ಓಣಿಯನ್ನೇ ನಡುಗಿಸಿದ ಜಗಳಗಂಟಿಗೂ ಸಾಧುವಿನ ನಗೆ ಅಂಟಿಸಿಬಿಡುತ್ತಾನೆ. ಬೇರೆ ಒಳ್ಳೆಯ ಫೋಟೋ ಇಲ್ಲದವರು ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ ತೆಗೆದದ್ದನ್ನೇ ತಂದರೂ ಅಡ್ಡಿಯಿಲ್ಲ, ಮುಚ್ಚಿದ ಕಣ್ಣು ತೆರೆಸಿ ಕೊಡುತ್ತಾನೆ. ಅದಕ್ಕೆಂದೇ ಕಂಪ್ಯೂಟರಿನಲ್ಲಿ ಒಂದು ಜೊತೆ ಕಣ್ಣು ಇಟ್ಟುಕೊಂಡಿದ್ದಾನೆ. ಕಾನಹೊಸಹಳ್ಳಿಯಿಂದ ಉಚ್ಚಂಗಿದುರ್ಗದ ತನಕ ಎಷ್ಟೋ ಮನೆಗಳ ಗೋಡೆಯಿಂದ ನೋಡುವುದು ಅದೇ ಜೊತೆ. ಮೊನ್ನೆ ಅಂಥದೇ ಒಂದು ಫೋಟೋ ಒಯ್ಯಲು ಬಂದ ಹುಲುಗಮ್ಮ ಫೋಟೋ ನೋಡಿದಳು, ಚನ್ನವೀರಯ್ಯನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ‘ಅಯ್ನೋರ, ನನ್ನ ಗಂಡಂದು ಮೆಳ್ಳಗಣ್ಣು. ಸಿಟ್ಟು ಬಂದ್ರ ಎಡಗಣ್ಣು ಗ್ವಾಡಿ ಕಡಿ ಓಡ್ತಿತ್ತು. ಇವು ನಿಮ್ಮ ಕಣ್ಣು ಅಲ್ಲೇನ್ರಿ?’ ಎಂದಳು. ‘ಚಲೋ ಕಾಣ್ತಾವಲ್ಲ, ಬಿಡವ್ವ’ ಎಂದು ನಗಲು ಹೋದವನ ನಗೆ ಅಲ್ಲೇ ನಿಂತಿತು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು, ಕೈಕಾಲು ಕೂಡ ತೊಳೆಯದೆ, ಗೋಡೆಯ ಮೇಲಿನ ಅವ್ವನ ಎದುರು ನಿಂತ. ಅವಳಿಗೂ ಕಣ್ಣು ತೆರೆಸಿದ್ದು ಅವನೇ. ಅವ್ವ ಹೇಗೆ ನೋಡುತ್ತಿದ್ದಳೆಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಅವಳ ಸೆರಗಿನ ಒಳಗಿಂದ ಅವನನ್ನು ಅವನೇ, ರೆಪ್ಪೆ ಬಡಿಯದೆ, ನೋಡುತ್ತಿದ್ದ.