ಪಟ್ಟೆ ಮೀನಿನ ತುತ್ತು

ಅಂಬಿಕಾನಗರದ ಕ್ವಾರ್ಟರ್ಸುಗಳಿಗೆ ಆಗಿನ್ನೂ ಟೀವಿ ಬಂದಿರಲಿಲ್ಲ. ಮಧ್ಯಾಹ್ನ ಶುರುವಾದರೆ ಮುಗಿಯುತ್ತಲೇ ಇರಲಿಲ್ಲ. ಶಿಫ್ಟ್ ಡ್ಯೂಟಿಯ ಅಪ್ಪಂದಿರ ಮಕ್ಕಳಿಗೆ ನಾನು ಹೇಳುವುದು ತಟ್ಟನೆ ಅರ್ಥವಾದೀತು. ಅಪ್ಪ ಪವರ್‌ಹೌಸಿನಿಂದ ಬಂದು ಹಗಲೆಲ್ಲ ಮಲಗುತ್ತಿದ್ದರು. ಬಾಗಿಲು ಕಿರುಗುಟ್ಟಬಾರದು, ತಾಟು ಸದ್ದು ಮಾಡಬಾರದು. ಅಮ್ಮ ಇದ್ದಿದ್ದರೆ ಅಡುಗೆಮನೆಯಲ್ಲಿ ಪಿಸುಗುಟ್ಟಿಯಾದರೂ ಮಾತಾಡಬಹುದಿತ್ತು. ನಾನು ಎರಡನೆಯ ತರಗತಿಯಲ್ಲಿದ್ದಾಗಲೇ ಅವಳು ಹೋಗಿಬಿಟ್ಟಿದ್ದಳು. ಹಾಗಾಗಿ ವರಾಂಡದಲ್ಲಿ ಕೂತು ಒಬ್ಬಳೇ ಗಜಗ ಆಡುತ್ತಿದ್ದೆ. ಬಲಗೈಗೂ ಎಡಗೈಗೂ ಪಂದ್ಯ. ಎಡಗೈ ಯಾವಾಗಲೂ ಸೋಲುತ್ತಿತ್ತು, ಪಾಪ.

ಆ ವರಾಂಡಕ್ಕೆ ಬರುತ್ತಿದ್ದವಳು ಸುಮಾ ಒಬ್ಬಳೇ. ಮೇಲಿನ ಸಾಲಿನ ದೊಡ್ಡ ಕ್ವಾರ್ಟರ್ಸಿನ ಇಂಜಿನಿಯರರ ಮಗಳು. ಉಳಿದ ಹುಡುಗಿಯರು ನನ್ನ ಮನೆಯಲ್ಲಿ ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಂಡರೆ, ಸುಮಾ ಮುಚ್ಚಿಕೊಳ್ಳುತ್ತಿರಲಿಲ್ಲ. ಅವರೂ ಮೀನು ತಿನ್ನುವವರೇ, ಬೆಳಗಾವಿ ಕಡೆಯವರು. ಅವಳ ತಾಯಿ ನನ್ನ ಅಜ್ಜಿಯ ಕಾಯಂ ಗಿರಾಕಿ.

ಅಜ್ಜಿ ಎಂದರೆ ನನ್ನ ತಾಯಿಯ ತಾಯಿ, ಕಾರವಾರದ ಕಡಲದಂಡೆಯವಳು. ದಾಂಡೇಲಿಯ ಸಂತೆಗೆ ಒಣಮೀನು ತಂದು ಮಾರಿ, ಖಾಲಿ ಬುಟ್ಟಿ ಹೊತ್ತು ನಮ್ಮಲ್ಲಿಗೆ ಬಂದು ಒಂದೆರಡು ದಿನ ಇರುತ್ತಿದ್ದಳು. ಅವಳು ಬಂದದ್ದು ಬಸ್ಸಿನ ಕಂಡಕ್ಟರಿಗೂ ಪಕ್ಕದ ಮನೆಯ ಬೆಕ್ಕಿಗೂ ನನಗಿಂತ ಮೊದಲೇ ತಿಳಿಯುತ್ತಿತ್ತು. ಸಂತೆಯಲ್ಲಿ ಚೌಕಾಸಿ ಮಾಡಿ ಮಾಡಿ ಘಟ್ಟದ ಮೇಲಿನ ಕನ್ನಡ ಕಲಿತಿದ್ದಳು. ಕೊಂಕಣಿ ಮರೆಯುತ್ತಿದ್ದ ನನ್ನೊಡನೆಯೂ ಅದನ್ನೇ ಆಡುತ್ತಿದ್ದಳು.

ಚಳಿಗಾಲದಲ್ಲಿ ಸಮುದ್ರ ತಿಳಿಯಾದಾಗ, ನಡುಗಡ್ಡೆಯ ಬಂಡೆಗಳ ಹತ್ತಿರ ಬಿಟ್ಟ ಬಲೆಗೆ ಬಣ್ಣದ ಮೀನು ಬೀಳುತ್ತಿದ್ದವು. ಹಳದಿ ಮೈ, ಅಡ್ಡಡ್ಡ ಕಪ್ಪು ಪಟ್ಟೆ, ಅಂಗೈಯಷ್ಟು ಅಗಲ. ಮುಳ್ಳು ಜಾಸ್ತಿ, ಮಾಂಸ ಕಡಿಮೆ, ಪೇಟೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಅದಕ್ಕೇ ಅವು ಮನೆಯ ಮಕ್ಕಳ ಪಾಲು. ಅಜ್ಜಿ ಉಪ್ಪು, ಅರಿಶಿನ ಸವರಿ ಬಾಳೆಲೆಯಲ್ಲಿ ಸುತ್ತಿ ತರುತ್ತಿದ್ದಳು. ಮುರುಗಲ ಹುಳಿ, ಖಾರದಪುಡಿ ಹಚ್ಚಿ ಕೊಬ್ಬರಿ ಎಣ್ಣೆಯಲ್ಲಿ ಹುರಿದರೆ ಹಳದಿ ಹೋಗಿ ಪಟ್ಟೆಯಷ್ಟೇ ಉಳಿಯುತ್ತಿತ್ತು. ಚರ್ಮ ದಪ್ಪ, ಒಳಗಿನ ಬಿಳಿ ಮಾಂಸ ಮಾತ್ರ ಎಳನೀರಿನ ಗಂಜಿಯ ಹಾಗೆ ಸಿಹಿ. ಮುಳ್ಳು ಬಿಡಿಸಿ ಬಾಯಿಗಿಡುವ ಕೆಲಸ ಅಜ್ಜಿಯದು.

ಅಮ್ಮ ಹೋದಾಗ ಆ ಮೀನನ್ನು ಮೊದಲ ಸಲ ತಿಂದೆ. ನಮ್ಮ ಮಂದಿಯಲ್ಲಿ ಸಾವಾದ ಮನೆಯೊಳಗೆ ಸೂತಕ ಮುಗಿಯುವತನಕ ಮೀನು ಬರುವುದಿಲ್ಲ. ಮುಗಿದ ದಿನ ತವರಿನವರು ಮೀನು ತಂದು, ತಾವೇ ಬೇಯಿಸಿ, ದುಃಖದಲ್ಲಿದ್ದವರ ಬಾಯಿಗೆ ಮೊದಲ ತುತ್ತು ಇಡಬೇಕು. ಅದಾದ ಮೇಲೆ ಕಣ್ಣೊರೆಸಿಕೊಂಡು ಏಳಬಹುದು. ಅಜ್ಜಿ ಅಂದು ತನ್ನ ಮಗಳನ್ನೇ ಕಳೆದುಕೊಂಡವಳು. ಆದರೂ ಪಟ್ಟೆ ಮೀನು ತಂದು ನನ್ನೆದುರು ಕೂತಳು.

"ಉಣ್ಣು ನನ್ನವ್ವಾ. ಸತ್ತವರ ಕೂಡ ನಾವೂ ಸಾಯಾಕ ಬರೂದಿಲ್ಲ."

ಉಂಡೆ.

ಸುಮಾಳ ಮನೆಗೆ ಗಾಜಿನ ಮೀನಿನ ಪೆಟ್ಟಿಗೆ ಬಂದದ್ದು ಅದರ ಮುಂದಿನ ವರ್ಷ. ಅವಳಪ್ಪ ಮುಂಬಯಿಯಿಂದ ತರಿಸಿದ್ದು. ಒಳಗೆ ಎರಡು ಮೀನು, ಬೆಳ್ಳಿ ಬಣ್ಣಕ್ಕೆ ಕಪ್ಪು ಪಟ್ಟೆ, ಉದ್ದ ರೆಕ್ಕೆ. ಹೆಸರು ರಾಜಾ, ರಾಣಿ. ನಾವಿಬ್ಬರೂ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದೆವು. ಇಂಥವನ್ನೇ ನಾನು ತಿಂದಿದ್ದೇನೆಂದು ಹೇಳಬೇಕೆನಿಸುತ್ತಿತ್ತು, ಹೇಳಲಿಲ್ಲ. ಒಂದು ಬೆಳಿಗ್ಗೆ ಎರಡೂ ಮಗುಚಿ ತೇಲುತ್ತಿದ್ದವು. ಸುಮಾ ಸರಿಯಾಗಿ ಉಣ್ಣಲೊಲ್ಲಳು, ಆಟಕ್ಕೆ ಬರಲೊಲ್ಲಳು. ದಿನ ಕಳೆದರೂ ಬರಲಿಲ್ಲ. ಗಜಗದ ಕಾಯಿ ಮತ್ತೆ ನನ್ನ ಎಡಗೈ ಪಾಲಾದವು. ನಾನು ಅಜ್ಜಿಯ ದಾರಿ ಕಾಯತೊಡಗಿದೆ. ಅವಳ ಬಳಿ ಇದಕ್ಕೇನಾದರೂ ಉಪಾಯ ಇದ್ದೇ ಇರುತ್ತದೆಂದು ನಂಬಿದ್ದೆ.

ಅಜ್ಜಿ ಬುಟ್ಟಿ ಇಳಿಸುವುದರೊಳಗೆ ಹೇಳಿದೆ, "ಸುಮಾ ಆಟಕ್ಕ ಬರವಲ್ಲಳು ಅಜ್ಜಿ. ಅವರ ಮನ್ಯಾಗಿನ ಮೀನ ಸತ್ತಾವ. ಊಟಾನೂ ಮಾಡವಲ್ಲಳಂತ."

"ಭಾಳ ದಿನ ಆದುವೇನ?"

"ಭಾಳ ಆದುವು."

ಅಜ್ಜಿ ಯೋಚಿಸಿದಳು. ಮೀನಿಗಾಗಿ ಯಾರಾದರೂ ಅಳುತ್ತಾರೆಯೇ ಎಂದು ನಗಲಿಲ್ಲ. ಅಳು ಅಂದರೆ ಅಳು ಅವಳಿಗೆ. "ಹಂಗಾರ ಸೂತಕ ಮುಗದಿರಬೇಕು. ಆ ಕೂಸಿನ ಬಾಯಾಗ ಯಾರೂ ತುತ್ತು ಇಟ್ಟಿಲ್ಲ, ಅದಕ್ಕ ಹಿಂಗ ಆಗೇತಿ. ಆಕಿಗೆ ಇಲ್ಲೆ ತವರಿನವರು ಯಾರದಾರ? ನಡಿ, ನಾವ ಇಟ್ಟು ಬರೂಣು."

ನನಗಾಗಿ ತಂದಿದ್ದ ಪಟ್ಟೆ ಮೀನನ್ನೆಲ್ಲ ಹುರಿದು ಸ್ಟೀಲಿನ ಡಬ್ಬಿಗೆ ತುಂಬಿದಳು. ಡಬ್ಬಿ ನಾನು ಹಿಡಿದೆ. ಬಿಸಿಗೆ ಅಂಗೈ ಚುರುಗುಟ್ಟುತ್ತಿತ್ತು, ಆದರೂ ಜಂಬದಿಂದ ನಡೆದೆ. ನಾಳೆಯಿಂದ ಸುಮಾ ಬಂದೇ ಬರುತ್ತಾಳೆ.

ಸುಮಾಳ ತಾಯಿ ಬಾಗಿಲು ತೆಗೆದರು. "ಬರ್ರಿ ಅಜ್ಜಿ. ಒಣ ಸೀಗಡಿ ತಂದೀರೇನು?"

"ಸೀಗಡಿ ಅಲ್ರಿ ಬಾಯಾರ. ಕೂಸಿಗೆ ತುತ್ತು ತಂದೇನಿ."

ಸುಮಾ ತಾಯಿಯ ಹಿಂದೆ ಬಂದು ನಿಂತಳು. ಅವಳ ಹಿಂದೆ ಗಾಜಿನ ಪೆಟ್ಟಿಗೆ, ನೀರಿತ್ತು, ಕಲ್ಲುಗಳಿದ್ದವು. ಅಜ್ಜಿ ಕೂತು ಡಬ್ಬಿ ತೆರೆದು, ಮುಳ್ಳು ಬಿಡಿಸಲು ಒಂದು ಮೀನನ್ನು ಅಂಗೈ ಮೇಲೆ ಇಟ್ಟುಕೊಂಡಳು. ಸುಮಾ ಆ ಪಟ್ಟೆಗಳನ್ನು ನೋಡಿದಳು. ಚೀರಿ ಒಳಗೋಡಿದಳು.

"ಏನ್ ಮಂದಿರೀ ನೀವು," ಎಂದರು ಅವಳ ತಾಯಿ. "ಕೂಸು ಅವಕ್ಕಂತ ಅಳಾಕತ್ತೇತಿ, ನೀವು ಅಂಥಾವ್ನ ಹುರದು ತಂದೀರಿ?"

ಅಜ್ಜಿಗೆ ತಿಳಿದದ್ದೇ ಬೇರೆ. "ಹಳೇವಲ್ರಿ ಬಾಯಾರ. ನಿನ್ನೆ ಹಿಡದದ್ದು, ಛಲೋ ಅದಾವು."

ಬಾಗಿಲು ಮುಚ್ಚಿತು.

ಇಳಿಜಾರಿನಲ್ಲಿ ಅಜ್ಜಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಡೆದಳು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನಾವು ಜಲ್ದಿ ಬಂದ್ವಿ ಅನಸ್ತೈತಿ. ಅವರ ಸೂತಕ ಇನ್ನೂ ಮುಗದಿಲ್ಲ," ಎಂದಳು. ಸುಮಾ ಇನ್ನು ಬರುವುದಿಲ್ಲವೆಂದು ನನಗೆ ಗೊತ್ತಾಗಿಬಿಟ್ಟಿತ್ತು. ಅಳುತ್ತಲೇ ಮನೆಗೆ ಬಂದೆ. ಅವಳ ಪಾಲಿನ ಮೀನನ್ನು ಅಜ್ಜಿ ನನಗೇ ತಿನ್ನಿಸಿದಳು. ಅಳುತ್ತ ತಿಂದರೂ ರುಚಿಯಾಗಿಯೇ ಇತ್ತು, ಅದನ್ನೂ ಹೇಳಬೇಕು.

ಸುಮಾ ಬರಲಿಲ್ಲ. ಬೇಸಿಗೆಯಲ್ಲಿ ಅವಳಪ್ಪನಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ಗಾಜಿನ ಪೆಟ್ಟಿಗೆ ಹೊರಬಂದದ್ದನ್ನು ವರಾಂಡದಿಂದಲೇ ನೋಡಿದೆ. ಅವಳು ಇತ್ತ ತಿರುಗಲಿಲ್ಲ.

ಮೊನ್ನೆ ಹುಬ್ಬಳ್ಳಿಯಲ್ಲಿ ಹಲ್ಲಿನ ಡಾಕ್ಟರರ ಬಳಿ ಹೋಗಿದ್ದೆ. ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆ, ಉಪ್ಪುನೀರಿನದಂತೆ. ಒಳಗೆ ಹಳದಿ ಮೈ, ಕಪ್ಪು ಪಟ್ಟೆ. ಅವೇ. ಜೀವಂತ ಕಂಡದ್ದು ಅದೇ ಮೊದಲು. ಎಷ್ಟು ಚೆಂದ ಇದ್ದವು ಅಂತೀರಿ. ನನಗೆ ಮಾತ್ರ ಕೊಬ್ಬರಿ ಎಣ್ಣೆಯ ವಾಸನೆ ಬಂತು, ಅಜ್ಜಿಯ ಬೆರಳು ನೆನಪಾಯಿತು.

ಅಜ್ಜಿ ತೀರಿಕೊಳ್ಳುವ ಹೊತ್ತಿಗೆ ಅಪ್ಪನೂ ಹೋಗಿಬಿಟ್ಟಿದ್ದರು. ಸೂತಕ ಮುಗಿದ ದಿನ ನಾನೇ ಪೇಟೆಯಿಂದ ಬಂಗಡೆ ತಂದು ಮಾಡಿದೆ. ಗಂಡನ ಮನೆಯವರೆಲ್ಲ ಚೆನ್ನಾಗಿದೆಯೆಂದು ಉಂಡರು. ಆದರೆ ಆ ತುತ್ತನ್ನು ನಾವೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ, ತವರಿನವರು ಇಡಬೇಕು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಇಷ್ಟು ವರ್ಷವಾದರೂ ಅವಳ ಸೂತಕ ನನಗೆ ಮುಗಿದಿಲ್ಲ.

ಒಳಗೆ ನನ್ನ ಹೆಸರು ಕರೆದರು. ಕುರ್ಚಿಯಲ್ಲಿ ಒರಗಿದೆ. "ಬಾಯಿ ತೆಗೀರಿ," ಎಂದರು ಡಾಕ್ಟರು. ಕಣ್ಣು ಮುಚ್ಚಿ, ಬಾಯಿ ತೆರೆದು, ಸುಮ್ಮನೆ ಕಾದೆ.