ಅರ್ಧ ಮುದ್ದೆಗೇ ಕೈ ತೊಳೆದ ಅಳಿಯ

ಮದುವೆಯಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬಾಡೂಟಕ್ಕೆ ಬಂದ ಅಳಿಯ ಅರ್ಧ ಮುದ್ದೆಗೇ ಕೈ ತೊಳೆದುಕೊಂಡು ಎದ್ದುಬಿಟ್ಟ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಸಾರು ಚೆನ್ನಾಗಿಲ್ಲ ಅಂದಿದ್ದರೆ ಅದೊಂದು ಮಾತು. ಏನೂ ಅನ್ನದೆ, ತಲೆ ಬಗ್ಗಿಸಿಕೊಂಡು, ಕೋಳಿಯ ತೊಡೆಯನ್ನು ತಟ್ಟೆಯಲ್ಲಿ ಹಾಗೇ ಬಿಟ್ಟು ಎದ್ದ. ಆ ಕೋಳಿಯನ್ನು ನಾನು ರಾಮಾಪುರದ ಕಡೆಯಿಂದ ತಂದಿದ್ದೆ. ಟೆಂಪೊದಲ್ಲಿ ಸಿಮೆಂಟ್ ಇಳಿಸಿ ಬರುವಾಗ, ಹಿತ್ತಲಲ್ಲಿ ಮೇದು ಬೆಳೆದ ಹುಂಜವೇ ಆಗಬೇಕು ಎಂದು ಮನೆಮನೆ ವಿಚಾರಿಸಿ ಕೊಂಡದ್ದು. ಅರಿಶಿನ ಹಚ್ಚಿ ಸೌದೆ ಉರಿಯಲ್ಲಿ ಸುಟ್ಟು, ಕೊಬ್ಬರಿ, ಗಸಗಸೆ, ಸಣ್ಣ ಈರುಳ್ಳಿ ಎಲ್ಲವನ್ನೂ ಬೇರೆಬೇರೆಯಾಗಿ ಹುರಿದು, ಕಲ್ಲಿನಲ್ಲೇ ಅರೆದಿದ್ದೆ. ಮಿಕ್ಸಿಗೆ ಹಾಕಿದರೆ ಮಸಾಲೆ ಬಿಸಿಯಾಗುತ್ತದೆ, ರುಚಿ ಹೋಗುತ್ತದೆ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಂಟರು ಬಂದರೆ ಅಡುಗೆ ನನ್ನದೇ. ಓದು ನನಗೆ ಹತ್ತಲಿಲ್ಲ. ಮೀಸೆ ಮೂಡುವ ಮೊದಲೇ ಲಾರಿಗೆ ಕ್ಲೀನರಾಗಿ ಹೋದೆ. ಆಗೆಲ್ಲ ದೂರದ ಲೋಡಿಗೆ ಹೋದರೆ ಹೋಟೆಲಿನ ಮುಖ ನೋಡುತ್ತಿರಲಿಲ್ಲ. ಸೀಮೆಎಣ್ಣೆ ಸ್ಟವ್, ಒಂದೆರಡು ಪಾತ್ರೆ, ಒಂದು ಚೀಲ ರಾಗಿಹಿಟ್ಟು ಲಾರಿಯಲ್ಲೇ ಇರುತ್ತಿತ್ತು. ಲಾರಿಯ ನೆರಳಲ್ಲಿ ಕೂತು ಬೇಯಿಸುವುದು ಕ್ಲೀನರನ ಕೆಲಸ. ಸಾರು ಕೆಟ್ಟರೆ ಡ್ರೈವರ್ ಬೈಯುತ್ತಿರಲಿಲ್ಲ, ಪಾತ್ರೆಯನ್ನೇ ರಸ್ತೆಗೆ ಬೀಸುತ್ತಿದ್ದ. ಹಾಗೆ ಕಲಿತ ಕೈ ಇದು. ಆಮೇಲೆ ನಾನೇ ಡ್ರೈವರ್ ಆದೆ. ಈಗ ಸ್ವಂತ ಟೆಂಪೊ ಇದೆ, ಕೊಳ್ಳೇಗಾಲದಲ್ಲಿ ತಾರಸಿ ಮನೆ ಇದೆ. ಆದರೂ ಮನೆಗೆ ಯಾರಾದರೂ ಬರುತ್ತಾರೆ ಅಂದರೆ ಸೌಟು ನನ್ನ ಕೈಗೇ ಬರುತ್ತದೆ. ಹೆಂಡತಿಗೆ ಬರುವುದಿಲ್ಲ ಅಂತಲ್ಲ. ಅವಳ ಸಾರು ಮನೆಯವರಿಗೆ ಸರಿ, ಬಂದವರಿಗೆ ನನ್ನದೇ ಆಗಬೇಕು. ಹೀಗಂದರೆ ಅವಳಿಗೆ ಕೋಪ. ನಿಜ ಹೇಳಿದರೆ ಯಾರಿಗೆ ತಾನೇ ಕೋಪ ಬರುವುದಿಲ್ಲ?

ಅಳಿಯ ಯಳಂದೂರಿನವನು, ಅಲ್ಲೇ ಒಂದು ಆಫೀಸಿನಲ್ಲಿ ಗುಮಾಸ್ತ. ಒಳ್ಳೆಯ ಹುಡುಗ, ಮಾತು ಕಮ್ಮಿ. ಅವತ್ತು ಮಗಳನ್ನು ಒಂದು ವಾರಕ್ಕೆಂದು ನಮ್ಮ ಮನೆಯಲ್ಲಿ ಬಿಟ್ಟು ಹೋಗಲು ಬಂದಿದ್ದ. ನಡುಮನೆಯಲ್ಲಿ ಕೂರಿಸಿ, ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೆ ನಿಂತುಕೊಂಡೆ. ನಾನು ಯಾವಾಗಲೂ ಎದುರಿಗೇ ನಿಲ್ಲುವುದು. ಮೊದಲ ತುತ್ತು ಗಂಟಲಲ್ಲಿ ಇಳಿಯುವಾಗ ಮುಖ ನೋಡಿದರೆ ಉಪ್ಪು ಖಾರ ಗೊತ್ತಾಗಿಬಿಡುತ್ತದೆ, ಬಾಯಿಬಿಟ್ಟು ಕೇಳುವುದೇ ಬೇಡ. ಈ ಹುಡುಗನ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. ಬೆವರುತ್ತಿದ್ದ.

"ಇನ್ನೊಂದ್ ಇಟ್ಟು ಆಕ್ಲಾ?" ಎಂದೆ. ನಮ್ಮ ಕಡೆ ಮಾತಿನಲ್ಲಿ ಮುದ್ದೆಗೆ ಹಿಟ್ಟು ಅಂತಲೇ ಅನ್ನುವುದು.

"ಸಾಕು ಮಾವ," ಎಂದು ತಟ್ಟೆಗೆ ಕೈ ಅಡ್ಡ ಇಟ್ಟ.

ಸಾಕು ಅಂದ ಮೇಲೆ ಸಾಕು. ಲಾರಿಯಲ್ಲಿ ಸಾಕು ಅಂದವನನ್ನು ಯಾರೂ ಇನ್ನೊಂದು ಸಲ ಕೇಳುತ್ತಿರಲಿಲ್ಲ. ನಾನು ಪಾತ್ರೆಯನ್ನು ಒಳಗೆ ಎತ್ತಿಕೊಂಡು ಹೋದೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಣ್ಣು ದೊಡ್ಡದು ಮಾಡಿ ಏನೋ ಸನ್ನೆ ಮಾಡಿದಳು. ಅದು ಅರ್ಥವಾಗುವಷ್ಟರಲ್ಲಿ ಅಳಿಯ ಕೈ ತೊಳೆಯುತ್ತಿದ್ದ.

ಮಾರನೇ ದಿನ ಮುಳ್ಳೂರಿನಿಂದ ಬಾಮೈದ ಬಂದ. ಹೆಂಡತಿಯ ತಮ್ಮ. ಇವನಿಗೆ ಒಂದು ಸುದ್ದಿ ಸಿಕ್ಕಿದರೆ ಕೈಕಾಲು ತೊಳೆಯುವುದಕ್ಕೂ ತಡೆಯುವುದಿಲ್ಲ.

"ಭಾವ, ನೆನ್ನೆ ಅಳೀಮಯ್ಯ ಬಂದಿದ್ರಾ?"

"ಬಂದಿದ್ರು ಕಣ್ಲಾ, ಯಾಕ?"

"ಏನಿಲ್ಲ. ಬಸ್‌ಸ್ಟಾಂಡ್ ತಾವ ಪರೋಟಾ ಅಂಗ್ಡೀಲಿ ಕಂಡ್ರು. ಗೋಡೆ ಕಡೀಕ ಮಕ ಮಾಡ್ಕಂಡು ತಿಂತಿದ್ರು. ನಾಚ್ಕಂಡಾರು ಅಂತ ನಾನ್ ಮಾತಾಡ್ಸುಲಿಲ್ಲ."

"ಬೆಳಿಗ್ಗೆ ಬಂದಿಳಿದಾಗ ಇರಬೇಕು ಬುಡು."

"ಎಲ್ ಬೆಳಿಗ್ಗೆ? ಪಕ್ಕದಲ್ಲಿ ನಮ್ಮಕ್ಕ ಕೊಟ್ಟ ಬಾಳೆಹಣ್ಣಿನ ಚೀಲ ಇತ್ತು. ಇಲ್ಲಿಂದ ಸೀದಾ ಅಲ್ಲಿಗೇ ಓಗವ್ರೆ. ಏನ್ ಭಾವ, ನಿಮ್ಮ ಕೈ ಸಾರು ಉಂಡೋರ್ಗೂ ಅಸಿವಾಗದಾ?"

ಅವನು ನಕ್ಕ ನಗುವಿಗೆ, ಟೆಂಪೊ ರಿಪೇರಿ ಮಾಡುತ್ತಾ ಕೂತಿದ್ದ ನನಗೆ ಕೈಯಲ್ಲಿದ್ದ ಸ್ಪ್ಯಾನರ್ ಎಸೆಯಬೇಕು ಅನ್ನಿಸಿತು. ನಾಟಿ ಕೋಳಿ ಬಿಟ್ಟು ಹೋಗಿ, ಯಾವತ್ತು ಮಾಡಿದ್ದೋ ಏನೋ, ಆ ಅಂಗಡಿಯ ಸೇರ್ವೆ ಸಾರಿನಲ್ಲಿ ಮೈದಾಹಿಟ್ಟು ಅದ್ದಿಕೊಂಡು ತಿನ್ನುವುದೆಂದರೆ ಏನರ್ಥ?

ಇಷ್ಟರಲ್ಲೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆ. ಮುಗಿಯಲಿಲ್ಲ. ಪರೋಟಾ ಅವನ ಹೊಟ್ಟೆ ಕೆಡಿಸಿತ್ತು. ತಾಯಿ ಏನು ತಿಂದೆ ಎಂದು ಕೇಳಿದ್ದಾಳೆ, ಈ ಪುಣ್ಯಾತ್ಮ ಬಾಯಿಬಿಟ್ಟಿದ್ದಾನೆ. ವಾರ ಕಳೆದು ಗಂಡನ ಮನೆಗೆ ಹೋದ ಮಗಳು ಫೋನ್ ಮಾಡಿದಳು. ದನಿ ಸಣ್ಣದಾಗಿತ್ತು, ಎಲ್ಲೋ ಮರೆಯಲ್ಲಿ ನಿಂತು ಮಾತಾಡುತ್ತಿದ್ದಳು.

"ಅಪ್ಪಾ, ನಮ್ಮತ್ತೆ ನೀರಿನ್ ನಲ್ಲಿ ತಾವ ಎಲ್ರಿಗೂ ಏಳ್ಕಂಡ್ ಬತ್ತಾವ್ರೆ. ಮಾವನ್ ಮನೇಲಿ ಒಟ್ಟೆ ತುಂಬ ಇಕ್ಕುಲಿಲ್ಲ, ನನ್ ಮಗ ಬೀದೀಲಿ ತಿನ್ನಂಗಾಯ್ತು ಅಂತ. ಇನ್ಮೇಲೆ ಅವನ್ನ ಆ ಮನೆಗ ಕಳ್ಸಾಕಿಲ್ಲ, ನೀನ್ ಬೇಕಾದ್ರೆ ಒಬ್ಳೇ ಓಗ್ಬುಟ್ಟು ಬಾ ಅಂದ್ರು."

"ಇಕ್ಕುಲಿಲ್ವಾ? ಪಾತ್ರೆ ತುಂಬ ಸಾರಿತ್ತು ಕೂಸೇ! ಅವನೇ ಸಾಕು ಅಂದ!"

"ಸಾಕು ಅಂದ್ರೆ ಎತ್ಕಂಡ್ ಓಗ್ಬುಡದಾ?" ಎಂದು ಅಳುತ್ತಲೇ ರೇಗಿ ಫೋನ್ ಇಟ್ಟಳು.

ಮದುವೆಯಾದ ಹೊಸದರಲ್ಲೇ ಹುಡುಗಿ ಒಬ್ಬಳೇ ಬಸ್ಸಿಳಿದು ತವರಿಗೆ ಬಂದರೆ ಬೀದಿಯವರು ಏನೆಂದುಕೊಳ್ಳುತ್ತಾರೆಂದು ಯಾರೂ ಹೇಳಬೇಕಾಗಿಲ್ಲ. ನನ್ನ ಮಗಳು ಆ ಮನೆಯಲ್ಲಿ ತಲೆ ಎತ್ತಿ ಓಡಾಡಬೇಕಾದರೆ ಆ ಹುಡುಗ ನಮ್ಮ ಮನೆಯಲ್ಲಿ ಹೊಟ್ಟೆ ಬಿರಿಯ ಉಂಡು ತೇಗಬೇಕು, ಅದನ್ನು ಅವನ ತಾಯಿ ನೋಡಬೇಕು. ಬೇರೆ ದಾರಿಯೇ ಇರಲಿಲ್ಲ.

ಸಾರಿನಲ್ಲೇ ಏನೋ ಹೆಚ್ಚುಕಮ್ಮಿಯಾಗಿದೆ ಎಂದು ನಾನು ಅಂದುಕೊಂಡೆ. ಮೆಣಸಿನಕಾಯಿ ಬದಲಾಯಿಸಿ ಮಾಡಿದೆ. ಚಕ್ಕೆ ಕಮ್ಮಿ ಮಾಡಿ ಮಾಡಿದೆ. ಪಕ್ಕದ ಮನೆಯವರಿಗೆ ಕೊಟ್ಟು ಮುಖ ನೋಡಿದೆ. ಎಲ್ಲರೂ ಪಾತ್ರೆ ತೊಳೆದು ಹಿಂದಿರುಗಿಸಿ, ಮತ್ತೆ ಯಾವಾಗ ಮಾಡುತ್ತೀರಿ ಎಂದು ಕೇಳಿದರು. ಕೊನೆಗೆ ಹೆಂಡತಿಯೇ ರೋಸಿಹೋದಳು.

"ಸಾರ್ಗೇನಾಗಿಲ್ಲ. ಪೊಲೀಸ್ನೋರ ತರ ಎದುರ್ಗ ನಿಂತ್ಕಂಡು ಬಾಯ್ನೇ ನೋಡ್ತಿದ್ರೆ ಯಾವ್ ಅಳಿಯ ಉಂಡಾನು? ಒಸ ಅಳಿಯ ಮಾವನ್ ಎದುರ್ಗ ಬಾಯ್ ತುಂಬ ತುತ್ತು ಇಕ್ಕಂಡಾನಾ? ಸಾಕು ಅಂದ್ರೆ ಕೈ ಸರ್ಸಿ ಆಕ್ಬೇಕು. ಇನ್ನೂ ಸಾಕು ಅಂದ್ರೆ ಬೈದು ಆಕ್ಬೇಕು. ನೀವು ಪಾತ್ರೆ ಎತ್ಕಂಡು ಓಡ್ ಬಂದ್ರಿ."

"ಅಸಿವಾದ್ರೆ ಕೇಳ್ಬೇಕು. ಬಾಯಿಲ್ವಾ?"

"ನೀವು ನಮ್ಮಪ್ಪನ್ ಮನೇಲಿ ಕೇಳಿದ್ರಾ?"

ಅದು ಬೇರೆ ವಿಷಯ. ನಮ್ಮ ಮಾವ ತೀರಾ ಎದುರಿಗೆ ನಿಲ್ಲುತ್ತಿರಲಿಲ್ಲ, ಜಗಲಿಯ ಮೇಲೆ ಇರುತ್ತಿದ್ದರು. ಅನ್ನ ಮಾಡಿದವನು ಉಣ್ಣುವವರ ಮುಖ ನೋಡಿದರೆ ತಪ್ಪೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಹೆಂಡತಿ ಬೀಗಿತ್ತಿಗೆ ಫೋನ್ ಮಾಡಿ, ನೀವೂ ಮಗನ ಜೊತೆ ಬನ್ನಿ ಎಂದು ಕರೆದಳು. ಬೀಗಿತ್ತಿ ಬೇಗ ಒಪ್ಪಲಿಲ್ಲ. ಒಪ್ಪಿದ ಮೇಲೆ ದಿನ ಕೂಡಿಬರಲಿಲ್ಲ. ಸೋಮವಾರ ಮಾದಪ್ಪನ ವಾರ, ನಮ್ಮಲ್ಲಿ ಬಾಡು ಮುಟ್ಟುವುದಿಲ್ಲ. ಶನಿವಾರ ರಂಗಪ್ಪನ ವಾರ, ಅವರಲ್ಲಿ ಮುಟ್ಟುವುದಿಲ್ಲ. ಶುಕ್ರವಾರ ಬೀಗಿತ್ತಿಗೆ ಲಕ್ಷ್ಮಿ. ಗುರುವಾರ ಅಳಿಯ ಯಾವುದೋ ಹರಕೆ ಹೊತ್ತಿದ್ದಾನಂತೆ. ಭಾನುವಾರ ಅಮಾವಾಸ್ಯೆ. ಒಂದು ಕೋಳಿ ಕೊಯ್ಯಲು ಇಷ್ಟು ದೇವರ ಒಪ್ಪಿಗೆ ಪಡೆಯಬೇಕು. ಕೊನೆಗೆ ಒಂದು ಬುಧವಾರ ಅಳಿಯ ರಜೆ ಹಾಕಿದ. ನಾನೂ ಹನೂರಿನ ಲೋಡ್ ಬಿಟ್ಟೆ.

ಬುಧವಾರ ಮಸಾಲೆ ಅರೆದು ಮುಗಿಸುವ ಹೊತ್ತಿಗೆ ಹೆಂಡತಿ ನನ್ನ ಮುಂದೆ ಬಂದು ನಿಂತಳು.

"ಇಟ್ಟು ತಿರುವಿ ಕೊಟ್ಬುಟ್ಟು ನೀವು ಓಗ್ಬುಡಿ. ಮನೇಲಿ ಇರಂಗಿಲ್ಲ. ಬಡಿಸಾಕ ನನ್ ತಮ್ಮ ಅವ್ನೆ."

"ನನ್ ಮನೇಲಿ ನನ್ಗೇ ಜಾಗ ಇಲ್ವಾ?"

"ಮಗಳ್ಗ ಜಾಗ ಬೇಕೋ, ನಿಮ್ಗ ಬೇಕೋ?"

ಮುದ್ದೆ ಕಟ್ಟಿ, ಮೇಲೆ ಬಟ್ಟೆ ಮುಚ್ಚಿದೆ. ಹೊರಡುವಾಗ ಬಾಮೈದ ಹಿಂದಿನಿಂದ ಕೂಗಿದ: "ಭಾವ, ಟೆಂಪೊನೂ ತಕಂಡ್ ಓಗಿ! ಲೋಡ್ಗ ಓದ್ರು ಅಂತ ಏಳಿ, ಬಾಗ್ಲಲ್ಲೇ ಗಾಡಿ ನಿಂತಿದ್ರೆ ಏನಂದ್ಕಂಡಾರು?" ಖಾಲಿ ಗಾಡಿಯನ್ನು ಬೀದಿಯ ಕೊನೆಯ ಹುಣಸೆಮರದ ಕೆಳಗೆ ನಿಲ್ಲಿಸಿ, ಕಳ್ಳನ ಹಾಗೆ ಸಂದಿಯಲ್ಲಿ ನಡೆದು ಬಂದು, ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಅಡುಗೆಮನೆ ಕಿಟಕಿ ಅಲ್ಲಿಗೇ ಇದೆ. ಮಾತೆಲ್ಲ ಕೇಳಿಸುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಅಳಿಯ, ಮಗಳು, ಬೀಗಿತ್ತಿ ಮೂವರೂ ಬಂದರು. ಬೀಗಿತ್ತಿ ನೀರು ಕುಡಿಯುವಾಗಲೇ ಒಂದು ಕುಟುಕಿದರು: "ನಾವು ಬೆಳಿಗ್ಗೆ ತಿಂಡಿ ಜೋರಾಗೇ ತಿನ್ಕಂಡ್ ಬಂದಿದೀವಿ ಕನವ್ವ. ಎಂಗೋ ಏನೋ ಅಂತ."

ಹೆಂಡತಿ ನಕ್ಕು ಸುಮ್ಮನಾದದ್ದು ಕೇಳಿಸಿತು. ನಾನಾಗಿದ್ದರೆ ಸುಮ್ಮನಾಗುತ್ತಿರಲಿಲ್ಲ. ಅದಕ್ಕೇ ನನ್ನನ್ನು ಹಿತ್ತಲಿಗೆ ಹಾಕಿದ್ದಿರಬೇಕು.

"ಮಾವ ಎಲ್ಲಿ ಅತ್ತೆ?" ಅಳಿಯನ ದನಿ.

"ಲೋಡ್ ಅದೆ ಅಂತ ಓದ್ರು ಕನಪ್ಪ. ಕುಂತ್ಕ, ಆರೋಯ್ತದೆ."

ಅಳಿಯ ದೊಡ್ಡ ಉಸಿರು ಬಿಟ್ಟ. ಕಿಟಕಿಯಾಚೆ ನನಗೂ ಕೇಳಿಸುವಷ್ಟು ದೊಡ್ಡದು.

ತಟ್ಟೆ ಸದ್ದು, ಸೌಟಿನ ಸದ್ದು, ಆಮೇಲೆ ಮಾತೇ ಇಲ್ಲ. ಉಣ್ಣುವ ಜಾಗದಲ್ಲಿ ಮಾತು ನಿಂತರೆ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಮುಖ ನೋಡದೆ ಹೇಗೆ ಹೇಳುವುದು? ಕಲ್ಲಿನ ಮೇಲೆ ಎದ್ದು ನಿಂತು ಇಣುಕೋಣವೆಂದು ಕಾಲಿಟ್ಟಿದ್ದೆ, ಮಗಳು ನೀರು ಚೆಲ್ಲುವವಳ ಹಾಗೆ ಹಿತ್ತಲ ಬಾಗಿಲಿಗೆ ಬಂದು ಕೈಮುಗಿದಳು. ಕೂತೆ.

"ಸಾಕು ಸಾಕು," ಒಳಗೆ ಅಳಿಯ ಅಂದ.

"ಎಲ್ ಸಾಕು ಅಳೀಮಯ್ಯ, ಕೈ ತಗೀರಿ. ತಗೀದಿದ್ರೆ ಕೈ ಮೇಲೇ ಆಕ್ಬುಡ್ತೀನಿ ನೋಡಿ, ಸುಟ್ರೆ ನನ್ನ ಕೇಳ್ಬೇಡಿ." ಬಾಮೈದನ ಗಲಾಟೆ.

"ಅಯ್ಯೋ, ಸಾಕು ಅಂದ್ರೆ..." ಅನ್ನುತ್ತಿದ್ದಂತೆ ಮುದ್ದೆ ಬಿದ್ದ ಸದ್ದಾಯಿತು. ಅವನು ಅದನ್ನೂ ಮುಗಿಸಿದ. ಮತ್ತೆ ಸಾಕು ಸಾಕು, ಮತ್ತೆ ಬೈಗುಳ, ಮತ್ತೆ ಮುದ್ದೆ. ನನಗೆ ಸಂತೋಷವಾಗಬೇಕಿತ್ತು. ಮೈಯೆಲ್ಲ ಉರಿಯಿತು. ಬೇಕಾದದ್ದನ್ನು ಬೇಡ ಅಂದು, ಬೇಡ ಅಂದದ್ದನ್ನು ಬೈಸಿಕೊಂಡು ಉಣ್ಣುವ ಈ ನಾಟಕ ಯಾರು ಕಲಿಸಿದ್ದೋ.

"ಅತ್ತೆ, ಸಾರು ತುಂಬಾ ಚೆನ್ನಾಗದೆ," ಎಂದ ಅಳಿಯ. ಆ ಹುಡುಗ ನಮ್ಮ ಮನೆಯಲ್ಲಿ ಆಡಿದ ಅತಿ ಉದ್ದದ ಮಾತು ಅದು.

ಹೆಂಡತಿ ಏನನ್ನುತ್ತಾಳೆ ಎಂದು ಕಿವಿ ನಿಮಿರಿಸಿದೆ. "ಏನೋಪ್ಪ, ನಮ್ಗ ಬಂದಂಗೆ ಮಾಡುದ್ವಿ," ಎಂದಳು. ನಮ್ಗ ಬಂದಂಗೆ!

ಅಲ್ಲಿಗೆ ಬಿಡದೆ ಬೀಗಿತ್ತಿ ಕೇಳಿದರು: "ಇಷ್ಟ್ ಗಮ್ಮಂತದಲ್ಲ, ಮಸಾಲೆಗೇನ್ ಆಕಿದ್ದೀರಿ ಬೀಗ್ತೀ?"

ನಾನು ಅರೆಯುವಾಗ ಹೆಂಡತಿ ಯಾವತ್ತೂ ಹತ್ತಿರ ಬಂದು ನೋಡಿದವಳಲ್ಲ. "ಎಲ್ಲಾ ಆಕದೇ ಕಣಕ್ಕ," ಎಂದು ಎಳೆದಳು. "ಧನಿಯ, ಕೊಬ್ರಿ, ಒಂಚೂರು ಮೆಂತ್ಯ..."

ಮೆಂತ್ಯ! ನಾಟಿ ಕೋಳಿ ಸಾರಿಗೆ ಮೆಂತ್ಯ! ನಾನು ಕಲ್ಲಿನಿಂದ ಎದ್ದು ಹಿತ್ತಲ ಬಾಗಿಲಿಗೆ ಬಂದೇಬಿಟ್ಟಿದ್ದೆ. ಒಂದು ಹೆಜ್ಜೆ ಒಳಗಿಟ್ಟರೆ ಸಾಕಿತ್ತು, ಗಸಗಸೆಯಿಂದ ಹಿಡಿದು ಎಲ್ಲವನ್ನೂ ಸಾಲಾಗಿ ಹೇಳಿಬಿಡುತ್ತಿದ್ದೆ. ಆಗ ಬಾಗಿಲ ಸಂದಿಯಲ್ಲಿ ಅಳಿಯನ ಬೆನ್ನು ಕಂಡಿತು. ಬಗ್ಗಿ, ಮೊಣಕೈವರೆಗೂ ಸಾರು ಇಳಿಸಿಕೊಂಡು, ಮೂಳೆ ಚೀಪುತ್ತಿದ್ದ. ಪಕ್ಕದಲ್ಲಿ ನೀರಿನ ಚೊಂಬು ಹಿಡಿದು ನಿಂತ ಮಗಳು ನನ್ನನ್ನು ನೋಡಿದಳು. ಅಲ್ಲಾಡಲಿಲ್ಲ, ಕೈಮುಗಿಯಲೂ ಇಲ್ಲ, ಬರೀ ನೋಡಿದಳು. ನಾನು ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟೆ.

ಊಟ ಮುಗಿದು ಎಲೆ ಅಡಿಕೆಗೆ ಕೂತವರು ಏಳುವುದನ್ನೇ ಮರೆತರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಕೊನೆಗೆ ಬೀಗಿತ್ತಿ ಹೊರಡುತ್ತಾ, "ಬಾ ಕೂಸು, ಒತ್ತಾಯ್ತದೆ. ಮುಂದಿನ್ ಅಬ್ಬಕ್ಕ ನೀನೂ ಅವನೂ ಇಬ್ರೂ ಜೊತೇಲೇ ಬರೀವ್ರಂತೆ," ಎಂದು ಮಗಳಿಗೆ ಹೇಳಿದರು. ಆ ಮಾತು ಕೇಳುವುದಕ್ಕೇ ಇಷ್ಟೆಲ್ಲ ಮಾಡಿದ್ದು. ಆದರೂ ಮೆಂತ್ಯ ನನ್ನ ಗಂಟಲಲ್ಲೇ ಇತ್ತು.

ಅವರು ಬೀದಿ ತಿರುಗಿದ ಮೇಲೆ ಒಳಗೆ ಬಂದೆ. ಪಾತ್ರೆಯಲ್ಲಿ ಒಂದು ತುಂಡೂ ಇರಲಿಲ್ಲ, ತಳದಲ್ಲಿ ಒಂದಿಷ್ಟು ಗಟ್ಟಿ ಸಾರಿತ್ತು. ಹೆಂಡತಿ ಅದಕ್ಕೇ ಅನ್ನ ಕಲಸಿ ಕೊಟ್ಟು ಎದುರಿಗೆ ಕೂತಳು.

"ಮೆಂತ್ಯ ಅಂತ ಯಾಕಂದೆ?"

"ಬಾಯ್ಗ ಬಂದದ್ದ ಅಂದೆ. ಉಣ್ಣಿ ಸುಮ್ನೆ."

"ನಾಳೆ ಆವಮ್ಮ ಮೆಂತ್ಯ ಆಕಿ ಮಾಡಿ, ಸಾರು ಕಯಿ ಆಯ್ತು ಅಂತ ನಿನ್ನೇ ಬಯ್ತಾಳೆ ನೋಡು."

"ಬಯ್ಲಿ ಬುಡಿ. ನಿಮ್ ಮಗಳ್ನ ಬಯ್ಯಾಕಿಲ್ವಲ್ಲ."

ಎರಡು ತುತ್ತು ಉಂಡೆ. ಉಪ್ಪು ಸರಿಯಾಗಿತ್ತು, ಖಾರ ಸರಿಯಾಗಿತ್ತು. ತಡೆಯಲಾಗಲಿಲ್ಲ.

"ಅವನು ಮೊದಲ್ನೇ ತುತ್ತು ನುಂಗ್ದಾಗ ಮಕ ಎಂಗಿತ್ತು?"

"ನಾನ್ಯಾಕ್ ನೋಡ್ಲಿ? ಸಾರು ಬಿಡ್ತಿದ್ದೆ," ಎಂದಳು.

ಒಂದು ಮನೆಯಲ್ಲಿ ಇಷ್ಟು ಜನ ಇದ್ದು, ನೋಡಬೇಕಾದದ್ದನ್ನು ಒಬ್ಬರೂ ನೋಡಿರಲಿಲ್ಲ.